ಚರ್ಮದ ಡಾಕ್ಟರಿಗೂ ಮೂಳೆ ಡಾಕ್ಟರಿಗೂ ನಡುವೆ ಕಳೆದುಹೋಗುವ ಕಾಯಿಲೆ: ಸೋರಿಯಾಟಿಕ್ ಆರ್ಥ್ರೈಟಿಸ್

ಬೆಳಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಟ್ಟರೆ ಹಿಮ್ಮಡಿಗೆ ಮೊಳೆ ಹೊಡೆದಂಥ ನೋವು. ಮೂಳೆ ಡಾಕ್ಟರ್ ಹತ್ರ ಹೋದರೆ ಮೆತ್ತನೆ ಚಪ್ಪಲಿ ಹಾಕಿ ಅಂತಾರೆ. ತಲೆಯಿಂದ ಹೊಟ್ಟು ಉದುರುತ್ತೆ, ಅದಕ್ಕೆ ಶಾಂಪೂ ಬದಲಾಗುತ್ತದೆ. ಉಗುರಿನ ಮೇಲೆ ಸೂಜಿಯಲ್ಲಿ ಚುಚ್ಚಿದಂಥ ಸಣ್ಣ ಸಣ್ಣ ಗುಳಿಗಳು. ಅದು ಕ್ಯಾಲ್ಸಿಯಂ ಕಡಿಮೆಯಾಗಿರೋದು ಅಂತ ಮನೆಯವರೇ ತೀರ್ಪು ಕೊಟ್ಟುಬಿಡುತ್ತಾರೆ. ಮೂರು ತೊಂದರೆ, ಮೂರು ವಿವರಣೆ, ಮೂರು ಔಷಧ. ಮೂರೂ ಒಂದೇ ಕಾಯಿಲೆಯ ಮುಖಗಳಾಗಿರಬಹುದು ಅನ್ನೋದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಆ ಕಾಯಿಲೆಯ ಹೆಸರು ಸೋರಿಯಾಟಿಕ್ ಆರ್ಥ್ರೈಟಿಸ್. ಸೋರಿಯಾಸಿಸ್ ಎಂಬ ಚರ್ಮದ ಸಮಸ್ಯೆಯ ಜೊತೆಗೆ ಬರುವ ಕೀಲುಗಳ ಉರಿಯೂತ. ಇದಕ್ಕೆ ಒಳ್ಳೆಯ ಔಷಧಗಳಿವೆ. ಆದರೆ ಅವು ಮುಂದೆ ಆಗುವ ಹಾನಿಯನ್ನು ತಡೆಯುತ್ತವೆಯೇ ಹೊರತು, ಈಗಾಗಲೇ ಸವೆದುಹೋದ ಕೀಲನ್ನು ವಾಪಸ್ ಕೊಡುವುದಿಲ್ಲ. ಹಾಗಾಗಿ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಸಮಯ. ನಮ್ಮ ವ್ಯವಸ್ಥೆಯಲ್ಲಿ ಸುಲಭವಾಗಿ ಪೋಲಾಗುವುದೂ ಅದೇ.

ಮೊದಲು ಸೋರಿಯಾಸಿಸ್ ಬಗ್ಗೆ

ಆರೋಗ್ಯವಂತರ ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್ ಇರುವ ಜಾಗದಲ್ಲಿ ಇದೇ ಕೆಲಸ ಕೆಲವೇ ದಿನಗಳಲ್ಲಿ ಮುಗಿದುಬಿಡುತ್ತದೆ. ರೋಗನಿರೋಧಕ ವ್ಯವಸ್ಥೆ ತಪ್ಪು ಸಂಕೇತ ಕಳಿಸುತ್ತಲೇ ಇರುವುದರಿಂದ ಜೀವಕೋಶಗಳು ಅವಸರದಲ್ಲಿ ಹುಟ್ಟಿ, ಪದರ ಪದರವಾಗಿ ಪೇರಿಕೊಂಡು ಬೆಳ್ಳಿ ಬಣ್ಣದ ಹೊಟ್ಟಿನಂತೆ ಉದುರುತ್ತವೆ. ಇದು ಅಂಟುರೋಗವಲ್ಲ. ಮುಟ್ಟಿದರೆ, ಒಂದೇ ಟವೆಲ್ ಬಳಸಿದರೆ, ಒಟ್ಟಿಗೆ ಊಟ ಮಾಡಿದರೆ ಯಾರಿಗೂ ಬರುವುದಿಲ್ಲ.

ಪಠ್ಯಪುಸ್ತಕಗಳ ಫೋಟೋಗಳಲ್ಲಿ ಕಾಣುವ ಕೆಂಪು ಮಚ್ಚೆಗಳು ಬಿಳಿ ಚರ್ಮದವರದ್ದು. ನಮ್ಮಂಥ ಕಂದು ಮೈಬಣ್ಣದವರಲ್ಲಿ ಅದು ನೇರಳೆ, ಬೂದು ಅಥವಾ ಕಡುಕಂದು ಬಣ್ಣದಲ್ಲಿ ಕಾಣುವುದುಂಟು. ಹುಳುಕಡ್ಡಿ ಅಂದುಕೊಂಡು ಮೆಡಿಕಲ್ ಶಾಪಿನಲ್ಲಿ ಸಿಗುವ ಮುಲಾಮು ಹಚ್ಚಿಕೊಂಡು ವರ್ಷಗಟ್ಟಲೆ ಕಳೆಯುವುದಕ್ಕೆ ಇದೂ ಒಂದು ಕಾರಣ. ಭಾರತದ ವಯಸ್ಕರಲ್ಲಿ ಸೋರಿಯಾಸಿಸ್ ಪ್ರಮಾಣ ಶೇ. 0.44ರಿಂದ 2.8ರವರೆಗೆ ಇದೆ ಎಂಬುದು ಸಾಮಾನ್ಯವಾಗಿ ಉಲ್ಲೇಖಿಸುವ ಅಂದಾಜು. ಕಡಿಮೆ ಅಂದಾಜನ್ನೇ ಹಿಡಿದರೂ ಇದು ಲಕ್ಷಾಂತರ ಜನರ ಪ್ರಶ್ನೆ.

ಜಾಗತಿಕ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಸೋರಿಯಾಸಿಸ್ ಇರುವ ಐವರಲ್ಲಿ ಸುಮಾರು ಒಬ್ಬರಿಗೆ ಕೀಲಿನ ಕಾಯಿಲೆಯೂ ಇರುತ್ತದೆ. ಏಷ್ಯಾದಲ್ಲಿ ಪ್ರಮಾಣ ಇದಕ್ಕಿಂತ ಸ್ವಲ್ಪ ಕಡಿಮೆ. ಹೆಚ್ಚಾಗಿ 30ರಿಂದ 50ರ ವಯಸ್ಸಿನಲ್ಲಿ, ಅಂದರೆ ಸಂಸಾರದ ಭಾರವೆಲ್ಲ ಹೆಗಲ ಮೇಲಿರುವ ಕಾಲದಲ್ಲೇ ಶುರುವಾಗುತ್ತದೆ. ಗಂಡಸರಿಗೂ ಹೆಂಗಸರಿಗೂ ಹೆಚ್ಚುಕಮ್ಮಿ ಸಮನಾಗಿ ಬರುತ್ತದೆ.

ಹತ್ತರಲ್ಲಿ ಏಳು ಜನರಿಗೆ ಮೊದಲು ಚರ್ಮದ ಸಮಸ್ಯೆ ಬಂದು, ಎಷ್ಟೋ ಸಲ ಹತ್ತು ವರ್ಷದ ನಂತರ ಕೀಲು ನೋವು ಕಾಣಿಸಿಕೊಳ್ಳುತ್ತದೆ. ಹಾಗಾಗಿ ಹಳೇ ಚರ್ಮದ ಕಾಯಿಲೆಗೂ ಹೊಸ ಮಂಡಿ ನೋವಿಗೂ ಸಂಬಂಧ ಇದೆ ಅನಿಸುವುದೇ ಇಲ್ಲ. ಕೆಲವರಲ್ಲಿ ಎರಡೂ ಒಟ್ಟಿಗೆ ಬರುತ್ತವೆ. ಸುಮಾರು ಶೇ. 15ರಷ್ಟು ಜನರಲ್ಲಿ ಕೀಲು ನೋವೇ ಮೊದಲು. ಇನ್ನೊಂದು ಮಾತು: ಮೈತುಂಬ ಮಚ್ಚೆ ಇದ್ದವರಿಗೇ ಕೀಲಿನ ಕಾಯಿಲೆ ಜೋರು ಅಂತೇನಿಲ್ಲ. ಕಿವಿಯ ಹಿಂದೆ, ಹೊಕ್ಕುಳಲ್ಲಿ, ತಲೆಗೂದಲ ಅಂಚಿನಲ್ಲಿ, ಪೃಷ್ಠಗಳ ನಡುವಿನ ಸೀಳಿನಲ್ಲಿ ಒಂದು ಸಣ್ಣ ಮಚ್ಚೆ ಅಡಗಿದ್ದರೂ ಸಾಕು. ಅದನ್ನು ಹುಡುಕಿದವರಿಗೆ ಮಾತ್ರ ಅದು ಕಾಣುತ್ತದೆ.

ಕೀಲಿಗಿಂತ ಮೊದಲು, ರಜ್ಜು ಸೇರುವ ಜಾಗ

ಸೋರಿಯಾಸಿಸ್‌ಗೂ ಕೀಲಿಗೂ ನಂಟಿದೆ ಎಂದು ಫ್ರಾನ್ಸಿನ ವೈದ್ಯ ಅಲಿಬೆರ್ 1818ರಲ್ಲೇ ಬರೆದಿದ್ದರು. ಆದರೂ ಬಹುಕಾಲ ಇದನ್ನು ರುಮಟಾಯ್ಡ್ ಆರ್ಥ್ರೈಟಿಸ್‌ನ ಒಂದು ರೂಪ ಅಂತಲೇ ನೋಡಲಾಗುತ್ತಿತ್ತು. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವರ್ನಾ ರೈಟ್ 1950ರ ದಶಕದಲ್ಲಿ ಮಾಡಿದ ಕೆಲಸದ ನಂತರ, 1964ರಲ್ಲಿ ಅಮೆರಿಕದ ರುಮಟಿಸಂ ಸಂಘ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಪಟ್ಟಿ ಮಾಡಿತು.

ಎರಡಕ್ಕೂ ಏನು ವ್ಯತ್ಯಾಸ? ರುಮಟಾಯ್ಡ್‌ನಲ್ಲಿ ಗಲಾಟೆ ಮುಖ್ಯವಾಗಿ ಕೀಲಿನ ಒಳಪೊರೆಯಲ್ಲಿ. ಸೋರಿಯಾಟಿಕ್ ಆರ್ಥ್ರೈಟಿಸ್‌ನಲ್ಲಿ ಬಹಳ ಸಲ ಶುರುವಾಗುವುದು ಸ್ನಾಯುರಜ್ಜು ಅಥವಾ ಅಸ್ಥಿರಜ್ಜು ಮೂಳೆಗೆ ಸೇರುವ ಜಾಗದಲ್ಲಿ. ವೈದ್ಯರು ಇದನ್ನು ಎಂಥೆಸಿಸ್ ಅಂತಾರೆ. ಎಂಜಿನಿಯರಿಂಗ್ ಓದಿದವರಿಗೆ ಇದು ಬೇಗ ಅರ್ಥವಾಗುತ್ತೆ. ಮೆತ್ತಗಿನ ವಸ್ತು ಗಟ್ಟಿ ವಸ್ತುವಿಗೆ ಕೂಡುವ ಜಾಗದಲ್ಲಿ ಒತ್ತಡ ಒಂದೇ ಬಿಂದುವಿನಲ್ಲಿ ಕೇಂದ್ರೀಕೃತವಾಗುತ್ತದೆ. ಸೇತುವೆಯ ಕೇಬಲ್ ಕಂಬಕ್ಕೆ ಕಟ್ಟಿದ ಜಾಗದ ಹಾಗೆ. ನಡೆಯುವಾಗ, ಮೆಟ್ಟಿಲು ಹತ್ತುವಾಗ, ಕೈ ಹಿಂಡುವಾಗ ಅಲ್ಲಿ ಸಣ್ಣ ಸಣ್ಣ ಪೆಟ್ಟುಗಳು ಆಗುತ್ತಲೇ ಇರುತ್ತವೆ. ಎಲ್ಲರ ದೇಹವೂ ಅದನ್ನು ಸದ್ದಿಲ್ಲದೆ ರಿಪೇರಿ ಮಾಡಿಕೊಳ್ಳುತ್ತದೆ. ಈ ಕಾಯಿಲೆಯ ಪ್ರವೃತ್ತಿ ಇರುವವರಲ್ಲಿ ಮಾತ್ರ ಆ ರಿಪೇರಿ ಕೆಲಸ ನಿಲ್ಲದೆ ಉರಿಯೂತವಾಗಿ ಬೆಳೆಯುತ್ತದೆ. ಚರ್ಮದಲ್ಲೂ ಇಂಥದ್ದೇ ನಡೆಯುತ್ತದೆ: ಸೋರಿಯಾಸಿಸ್ ಇರುವವರಿಗೆ ತರಚುಗಾಯ ಆದ ಜಾಗದಲ್ಲೇ ಹೊಸ ಮಚ್ಚೆ ಏಳುವುದುಂಟು.

ಉಗುರಿನ ಗುಟ್ಟೂ ಇದೇ. ಬೆರಳನ್ನು ನೆಟ್ಟಗೆ ಮಾಡುವ ರಜ್ಜು ಬೆರಳ ತುದಿಯ ಕೀಲಿನ ಹತ್ತಿರ ಮೂಳೆಗೆ ಸೇರುತ್ತದೆ. ಅದರ ಎಳೆಗಳು ಉಗುರಿನ ಬೇರಿನವರೆಗೂ ಹರಡಿಕೊಂಡಿರುತ್ತವೆ. ಹಾಗಾಗಿ ಉಗುರಿನ ಗುಳಿ ಬರೀ ಅಂದದ ಸಮಸ್ಯೆಯಲ್ಲ, ಪಕ್ಕದ ಮನೆಯಲ್ಲಿ ಹೊಗೆಯಾಡುತ್ತಿರುವುದರ ಸೂಚನೆ.

ಏನೇನು ಕಾಣಿಸಿಕೊಳ್ಳುತ್ತದೆ?

ಬೆಳಗಿನ ಜಡತೆ: ಎದ್ದ ಮೇಲೆ ಕೈಕಾಲು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಬಿಗಿದುಕೊಂಡಿರುತ್ತವೆ. ಓಡಾಡಿದರೆ ಸಡಿಲವಾಗುತ್ತೆ, ಕೂತರೆ ಮತ್ತೆ ಬಿಗಿಯುತ್ತೆ. ಸವೆತದಿಂದ ಬರುವ ಮಂಡಿ ನೋವು ಇದಕ್ಕೆ ತದ್ವಿರುದ್ಧ. ಅದು ಕೆಲಸ ಮಾಡಿದಷ್ಟೂ ಹೆಚ್ಚಿ, ವಿಶ್ರಾಂತಿಯಲ್ಲಿ ಇಳಿಯುತ್ತದೆ. ಈ ಒಂದು ವ್ಯತ್ಯಾಸವನ್ನು ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿದರೆ ಅರ್ಧ ಕೆಲಸ ಆದಂತೆ.

ಸಾಸೇಜ್ ಬೆರಳು: ಬರೀ ಕೀಲಲ್ಲ, ಕೈ ಅಥವಾ ಕಾಲಿನ ಇಡೀ ಬೆರಳು ಬುಡದಿಂದ ತುದಿವರೆಗೆ ಒಂದೇ ಸಮನೆ ಊದಿಕೊಳ್ಳುತ್ತದೆ. ಇದಕ್ಕೆ ಡ್ಯಾಕ್ಟಿಲೈಟಿಸ್ ಎನ್ನುತ್ತಾರೆ. ಪೆಟ್ಟು ಬಿದ್ದಿಲ್ಲ, ಮುಳ್ಳು ಚುಚ್ಚಿಲ್ಲ, ಆದರೂ ಕಾಲ್ಬೆರಳು ಊದಿದೆ ಅಂದರೆ ನಿರ್ಲಕ್ಷ್ಯ ಬೇಡ.

ಹಿಮ್ಮಡಿ, ಪಾದದ ತಳ, ಮೊಣಕೈ: ರಜ್ಜು ಸೇರುವ ಜಾಗಗಳ ನೋವು. ಹಿಮ್ಮಡಿಯ ಹಿಂಭಾಗ ಮತ್ತು ಅಂಗಾಲು ಇದರ ಇಷ್ಟದ ತಾಣಗಳು.

ಅಲ್ಲೊಂದು ಇಲ್ಲೊಂದು ಕೀಲು: ಒಂದು ಮಂಡಿ, ಇನ್ನೊಂದು ಕೈಯ ಎರಡು ಬೆರಳು, ಹೀಗೆ ಎಡಬಲ ತಾಳೆಯಾಗದ ಊತ ಹಲವರಲ್ಲಿ ಕಾಣುತ್ತದೆ. ಬೆರಳ ತುದಿಯ ಕೀಲುಗಳು ಊದುವುದು ಮತ್ತೊಂದು ಸುಳಿವು, ರುಮಟಾಯ್ಡ್ ಸಾಮಾನ್ಯವಾಗಿ ಅಲ್ಲಿಗೆ ಹೋಗುವುದಿಲ್ಲ. ಆದರೆ ಕೆಲವರಲ್ಲಿ ಎರಡೂ ಕಡೆ ಸಮನಾಗಿ ಬಂದು ರುಮಟಾಯ್ಡ್ ಅಂತಲೇ ಭ್ರಮೆ ಹುಟ್ಟಿಸುತ್ತದೆ. ಅಪರೂಪಕ್ಕೆ ಬೆರಳ ಮೂಳೆಗಳೇ ಕರಗಿ ಬೆರಳು ಗಿಡ್ಡವಾಗುವ ತೀವ್ರ ರೂಪವೂ ಇದೆ.

ಬೆನ್ನು: ಸೊಂಟ, ಪೃಷ್ಠದಲ್ಲಿ ನೋವು ಕಾಣಿಸಿಕೊಂಡು, ರಾತ್ರಿಯ ಉತ್ತರಾರ್ಧದಲ್ಲಿ ಎಚ್ಚರ ಮಾಡಿಸುತ್ತದೆ.

ಕಣ್ಣು: ನೋವಿನಿಂದ ಕೂಡಿದ ಕೆಂಪು ಕಣ್ಣು, ಬೆಳಕು ನೋಡಲಾಗದಿರುವುದು, ದೃಷ್ಟಿ ಮಂಜಾಗುವುದು ಯುವಿಯೈಟಿಸ್ ಇರಬಹುದು. ಮದ್ರಾಸ್ ಐ ಅಂತ ಡ್ರಾಪ್ಸ್ ಹಾಕಿಕೊಂಡು ಕೂರಬೇಡಿ. ಅದೇ ದಿನ ಕಣ್ಣಿನ ವೈದ್ಯರನ್ನು ನೋಡಬೇಕು.

ಇವೆಲ್ಲದರ ಜೊತೆ ಆಯಾಸ. ನಿದ್ದೆ ಮಾಡಿದರೂ ಹೋಗದ ಆಯಾಸ. ರೋಗಿಗಳು ನೋವಿನಷ್ಟೇ ದೂರುವುದು ಇದರ ಬಗ್ಗೆ. ಆದರೆ ಮನೆಯಲ್ಲಿ, ಆಫೀಸಿನಲ್ಲಿ ಇದಕ್ಕೆ ಸಿಗುವ ಹೆಸರು ಸೋಮಾರಿತನ.

ರಿಪೋರ್ಟ್ ನಾರ್ಮಲ್ ಅಂದಮಾತ್ರಕ್ಕೆ ನಿರಾಳವಲ್ಲ

ಈ ಕಾಯಿಲೆಯನ್ನು ಖಚಿತವಾಗಿ ಹೇಳುವ ಒಂದೇ ಒಂದು ರಕ್ತಪರೀಕ್ಷೆ ಇಲ್ಲ. ತಡವಾಗುವುದಕ್ಕೆ ಇದೇ ಮೊದಲ ಕಾರಣ. ರುಮಟಾಯ್ಡ್ ಫ್ಯಾಕ್ಟರ್ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ. ಉರಿಯೂತ ಅಳೆಯುವ ಇಎಸ್ಆರ್, ಸಿಆರ್‌ಪಿ ಎಷ್ಟೋ ರೋಗಿಗಳಲ್ಲಿ ಮಾಮೂಲಾಗಿಯೇ ಇರುತ್ತವೆ. ಎಕ್ಸ್-ರೇಯಲ್ಲಿ ಬದಲಾವಣೆ ಕಾಣುವ ಹೊತ್ತಿಗೆ ಹಾನಿ ಆಗಿಬಿಟ್ಟಿರುತ್ತದೆ. ಆರಂಭದಲ್ಲೇ ಪತ್ತೆಗೆ ಅಲ್ಟ್ರಾಸೌಂಡ್, ಎಂಆರ್‌ಐ ಹೆಚ್ಚು ಸಹಾಯಕ.

ಹಾಗಾದರೆ ತಜ್ಞರು ಹೇಗೆ ಗುರುತಿಸುತ್ತಾರೆ? 2006ರಲ್ಲಿ ಪ್ರಕಟವಾದ ಕ್ಯಾಸ್ಪರ್ ಎಂಬ ಮಾನದಂಡವನ್ನು ನೋಡಿ. ಮುಖ್ಯವಾಗಿ ಸಂಶೋಧನೆಗೆಂದು ಮಾಡಿದ್ದು, ಆದರೆ ಯೋಚಿಸುವ ಕ್ರಮ ಗೊತ್ತಾಗುತ್ತದೆ. ಕೀಲು, ಬೆನ್ನು ಅಥವಾ ರಜ್ಜಿನ ಉರಿಯೂತ ಇರಬೇಕು, ಜೊತೆಗೆ ಕನಿಷ್ಠ ಮೂರು ಅಂಕ ಬರಬೇಕು. ಈಗ ಸೋರಿಯಾಸಿಸ್ ಇದ್ದರೆ ಎರಡು ಅಂಕ. ಈಗಿಲ್ಲ, ಹಿಂದೆ ಇತ್ತು ಅಥವಾ ರಕ್ತಸಂಬಂಧಿಗಳಲ್ಲಿದೆ ಅಂದರೆ ಒಂದು. ಉಗುರಿನ ಬದಲಾವಣೆಗೆ ಒಂದು, ಸಾಸೇಜ್ ಬೆರಳಿಗೆ ಒಂದು, ಎಕ್ಸ್-ರೇಯಲ್ಲಿ ಕೀಲಿನ ಪಕ್ಕ ಹೊಸ ಮೂಳೆ ಬೆಳೆದಿದ್ದರೆ ಒಂದು. ಇನ್ನೊಂದು ಅಂಕ ಯಾವುದಕ್ಕೆ ಗೊತ್ತಾ? ರುಮಟಾಯ್ಡ್ ಫ್ಯಾಕ್ಟರ್ ನೆಗೆಟಿವ್ ಬಂದಿದ್ದಕ್ಕೆ! ಅಂದರೆ "ಟೆಸ್ಟ್ ನೆಗೆಟಿವ್, ಏನೂ ಇಲ್ಲ ಹೋಗಿ" ಎಂದು ಮನೆಗೆ ಕಳಿಸುವ ಅದೇ ರಿಪೋರ್ಟು ಇಲ್ಲಿ ರೋಗದ ಪರವಾಗಿ ಸಾಕ್ಷಿ ಹೇಳುತ್ತದೆ.

ಕರ್ನಾಟಕದಲ್ಲಿ ಇನ್ನೊಂದು ಗೋಜಲಿದೆ. 2006ರಲ್ಲಿ ರಾಜ್ಯದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಶಂಕಿತ ಚಿಕೂನ್‌ಗುನ್ಯಾ ಪ್ರಕರಣಗಳು ವರದಿಯಾದವು. ಆ ಜ್ವರ ಕೆಲವರಲ್ಲಿ ತಿಂಗಳುಗಟ್ಟಲೆ ಕೀಲು ನೋವು ಬಿಟ್ಟುಹೋಗುವುದು ನಿಜ. ಆದರೆ ಅಂದಿನಿಂದ ಹಳ್ಳಿ ಕಡೆ ಯಾವ ಕೀಲು ಹಿಡಿದರೂ "ಚಿಕೂನ್‌ಗುನ್ಯಾ ಬಂದು ಹೋದದ್ದಿರಬೇಕು" ಅನ್ನುವುದು ರೂಢಿಯಾಗಿದೆ. ನಗರದಲ್ಲಾದರೆ ಯೂರಿಕ್ ಆಸಿಡ್. ಸೋರಿಯಾಸಿಸ್ ಇರುವವರಲ್ಲಿ ಯೂರಿಕ್ ಆಸಿಡ್ ಸ್ವಲ್ಪ ಹೆಚ್ಚಿರುವುದು ಸಾಮಾನ್ಯವೇ ಆದ್ದರಿಂದ, ಊದಿದ ಹೆಬ್ಬೆರಳಿಗೆ ಗೌಟ್ ಎಂಬ ಹಣೆಪಟ್ಟಿ ಬೀಳುವುದು ಸುಲಭ. ಇವ್ಯಾವುವೂ ಅಲ್ಲದಿದ್ದರೆ ನಮ್ಮ ಹಳೇ ಗೆಳೆಯ "ವಾಯು" ಇದ್ದೇ ಇದೆಯಲ್ಲ.

ತಡವಾದರೆ ಏನಾಗುತ್ತೆ? ಐರ್ಲೆಂಡಿನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ನೇರ ಉತ್ತರ ಕೊಟ್ಟಿತು. ಲಕ್ಷಣ ಶುರುವಾಗಿ ಆರು ತಿಂಗಳ ನಂತರ ರುಮಟಾಲಜಿಸ್ಟ್ ಬಳಿ ಬಂದವರಲ್ಲಿ, ಬೇಗ ಬಂದವರಿಗಿಂತ ಕೀಲಿನ ಮೂಳೆ ಸವೆತ ಮತ್ತು ದಿನನಿತ್ಯದ ಕೆಲಸದ ತೊಂದರೆ ಹೆಚ್ಚಾಗಿ ಕಂಡುಬಂತು. ಆರು ವರ್ಷ ಅಲ್ಲ, ಆರು ತಿಂಗಳು.

ನಿಮಗೆ ನೀವೇ ಕೇಳಿಕೊಳ್ಳಬಹುದಾದ ಐದು ಪ್ರಶ್ನೆ

ಸೋರಿಯಾಸಿಸ್ ಇರುವವರಿಗಾಗಿಯೇ ಬ್ರಿಟನ್‌ನಲ್ಲಿ ರೂಪಿಸಿದ ಪೆಸ್ಟ್ ಎಂಬ ಪ್ರಶ್ನಾವಳಿ ಇದೆ. ಸಾರಾಂಶ ಇಷ್ಟು:

1. ಯಾವತ್ತಾದರೂ ಕೀಲು ಊದಿಕೊಂಡಿತ್ತಾ?
2. ನಿಮಗೆ ಆರ್ಥ್ರೈಟಿಸ್ ಇದೆ ಅಂತ ಯಾವುದಾದರೂ ಡಾಕ್ಟರ್ ಹೇಳಿದ್ದಾರಾ?
3. ಕೈಕಾಲಿನ ಉಗುರಿನಲ್ಲಿ ಗುಳಿ ಅಥವಾ ತೂತುಗಳಿವೆಯಾ?
4. ಹಿಮ್ಮಡಿ ನೋವು ಬಂದಿತ್ತಾ?
5. ಕಾರಣವಿಲ್ಲದೆ ಇಡೀ ಬೆರಳು ಊದಿ ನೋಯುತ್ತಿತ್ತಾ?

ಮೂರು ಅಥವಾ ಹೆಚ್ಚು "ಹೌದು" ಬಂದರೆ ರುಮಟಾಲಜಿಸ್ಟ್ ಬಳಿ ಹೋಗಬೇಕು. ಮೂಳೆ ಡಾಕ್ಟರ್ ಬಳಿ ಅಲ್ಲ, ರುಮಟಾಲಜಿಸ್ಟ್ ಬಳಿ. ಮೂಳೆ ತಜ್ಞರದ್ದು ಮುಖ್ಯವಾಗಿ ಶಸ್ತ್ರಚಿಕಿತ್ಸೆಯ ಕ್ಷೇತ್ರ. ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಬರುವ ಕೀಲಿನ ಕಾಯಿಲೆಗಳು ರುಮಟಾಲಜಿಯ ಕ್ಷೇತ್ರ. ಎರಡಕ್ಕೆ ಮಾತ್ರ "ಹೌದು" ಬಂದು ಅನುಮಾನ ಉಳಿದಿದ್ದರೂ ತೋರಿಸಿಕೊಳ್ಳುವುದರಲ್ಲಿ ನಷ್ಟವಿಲ್ಲ.

ಚಿಕಿತ್ಸೆ: ಮೆಟ್ಟಿಲು ಮೆಟ್ಟಿಲಾಗಿ

ಕಾಯಿಲೆಯನ್ನು ಬೇರುಸಹಿತ ಕಿತ್ತುಹಾಕುವ ಔಷಧ ಸದ್ಯಕ್ಕಿಲ್ಲ. ಆದರೆ ಹತೋಟಿಯಲ್ಲಿಟ್ಟು ಮಾಮೂಲಿ ಬದುಕು ನಡೆಸಲು ಸಾಧ್ಯ. ಅಮೆರಿಕದ ಗಾಲ್ಫ್ ಆಟಗಾರ ಫಿಲ್ ಮಿಕಲ್ಸನ್‌ಗೆ 2010ರಲ್ಲಿ ಈ ಕಾಯಿಲೆ ಪತ್ತೆಯಾಯಿತು. 2021ರಲ್ಲಿ, 50ನೇ ವಯಸ್ಸಿನಲ್ಲಿ ಅವರು ಪಿಜಿಎ ಚಾಂಪಿಯನ್‌ಶಿಪ್ ಗೆದ್ದು ಗಾಲ್ಫ್‌ನ ಮೇಜರ್ ಗೆದ್ದ ಅತಿ ಹಿರಿಯ ಆಟಗಾರ ಎನಿಸಿಕೊಂಡರು. ಅವರ ಕೈಗೆಟುಕಿದ ಚಿಕಿತ್ಸೆ ಎಲ್ಲರ ಕೈಗೂ ಎಟುಕುವುದಿಲ್ಲ, ಆ ಮಾತಿಗೆ ಆಮೇಲೆ ಬರೋಣ.

ಮೊದಲ ಮೆಟ್ಟಿಲು, ನ್ಯಾಪ್ರೋಕ್ಸೆನ್, ಇಂಡೊಮೆಥಾಸಿನ್‌ನಂಥ ಉರಿಯೂತ ತಗ್ಗಿಸುವ ನೋವಿನ ಮಾತ್ರೆಗಳು. ಸೌಮ್ಯ ಕಾಯಿಲೆಗೆ ಕೆಲವೊಮ್ಮೆ ಇಷ್ಟೇ ಸಾಕು. ಆದರೆ ಇವು ಮೂಳೆ ಸವೆತ ತಡೆಯುವುದಿಲ್ಲ. ವೈದ್ಯರ ನಿಗಾ ಇಲ್ಲದೆ ವರ್ಷಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿಗೆ ಏಟು.

ಎರಡನೇ ಮೆಟ್ಟಿಲು, ಕಾಯಿಲೆಯ ಗತಿಯನ್ನೇ ಬದಲಿಸುವ ಔಷಧಗಳು. ಮೆಥೊಟ್ರೆಕ್ಸೇಟ್ ಇವುಗಳಲ್ಲಿ ಪ್ರಮುಖ. ಸಲ್ಫಸಲಜಿನ್, ಲೆಫ್ಲುನೊಮೈಡ್ ಉಳಿದವು. ಮೆಥೊಟ್ರೆಕ್ಸೇಟ್ ಕೀಲಿಗೂ ಚರ್ಮಕ್ಕೂ ಎರಡಕ್ಕೂ ಆಗುತ್ತದೆ, ಆದರೆ ಬೆನ್ನುಮೂಳೆ ಭಾಗದ ಕಾಯಿಲೆಗೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಪರಿಣಾಮ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಎರಡು ವಾರಕ್ಕೇ "ಏನೂ ಆಗ್ತಿಲ್ಲ" ಅಂತ ಬಿಟ್ಟವರೇ ಜಾಸ್ತಿ.

ಇಲ್ಲಿ ದಪ್ಪಕ್ಷರದಲ್ಲಿ ಬರೆದಿಟ್ಟುಕೊಳ್ಳಬೇಕಾದ ಒಂದು ಮಾತು: ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ, ದಿನಾ ಅಲ್ಲ. ಬೇರೆಲ್ಲ ಮಾತ್ರೆಗಳಂತೆ ಇದನ್ನೂ ದಿನಾ ನುಂಗಿ ರಕ್ತಕಣಗಳು ಕುಸಿದು ಪ್ರಾಣ ಕಳೆದುಕೊಂಡವರಿದ್ದಾರೆ. ಚೀಟಿಯ ಮೇಲೆ "ಭಾನುವಾರ" ಅಂತ ವಾರದ ಹೆಸರನ್ನೇ ಡಾಕ್ಟರ್ ಕೈಯಲ್ಲಿ ಬರೆಸಿಕೊಳ್ಳಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಬಿಡಬೇಡಿ. ಹೇಳಿದಾಗೆಲ್ಲ ರಕ್ತ ಮತ್ತು ಲಿವರ್ ಪರೀಕ್ಷೆ ಮಾಡಿಸಿ. ಮದ್ಯದ ಬಗ್ಗೆ ವೈದ್ಯರಿಗೆ ನಿಜ ಹೇಳಿ. ಮಗು ಬೇಕು ಅನ್ನುವ ಯೋಚನೆ ಇದ್ದರೆ ಮೊದಲೇ ತಿಳಿಸಿ, ಯಾಕೆಂದರೆ ಮೆಥೊಟ್ರೆಕ್ಸೇಟ್ ಮತ್ತು ಲೆಫ್ಲುನೊಮೈಡ್ ಎರಡೂ ಗರ್ಭದ ಶಿಶುವಿಗೆ ಅಪಾಯಕಾರಿ.

ಮೂರನೇ ಮೆಟ್ಟಿಲು, ಬಯಾಲಜಿಕ್ ಇಂಜೆಕ್ಷನ್‌ಗಳು. ಇವು ಉರಿಯೂತದ ಸಂಕೇತಗಳಲ್ಲಿ ನಿರ್ದಿಷ್ಟವಾದ ಒಂದನ್ನು ಮಾತ್ರ ತಡೆಯುತ್ತವೆ. ಟಿಎನ್‌ಎಫ್ ತಡೆಯುವ ಅಡಾಲಿಮುಮಾಬ್, ಎಟನರ್ಸೆಪ್ಟ್. ಐಎಲ್-17 ತಡೆಯುವ ಸೆಕುಕಿನುಮಾಬ್. ಐಎಲ್-23 ತಡೆಯುವ ಗುಸೆಲ್ಕುಮಾಬ್. ಯಾರಿಗೆ ಯಾವುದು ಎಂಬುದು ಲಕ್ಷಣದ ಮೇಲೆ ಹೋಗುತ್ತದೆ. ಕಣ್ಣಿನ ಉರಿಯೂತ ಇದ್ದರೆ ಅಡಾಲಿಮುಮಾಬ್‌ನಂಥವು, ಚರ್ಮದ ಬಾಧೆ ಜೋರಿದ್ದರೆ ಐಎಲ್-17 ಅಥವಾ ಐಎಲ್-23 ಗುಂಪು, ಕರುಳಿನ ಉರಿಯೂತ ಇದ್ದರೆ ಐಎಲ್-17 ಬೇಡ, ಹೀಗೆ. ಮಾತ್ರೆ ರೂಪದಲ್ಲಿ ಅಪ್ರೆಮಿಲಾಸ್ಟ್, ಟೊಫಾಸಿಟಿನಿಬ್, ಉಪಡಾಸಿಟಿನಿಬ್ ಇವೆ. ಕೊನೆಯ ಎರಡು ಸೇರಿರುವ ಜ್ಯಾಕ್ ಗುಂಪಿನ ಔಷಧಗಳಿಗೆ ಹೃದಯಾಘಾತ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಮತ್ತು ಕ್ಯಾನ್ಸರ್ ಅಪಾಯದ ಬಗ್ಗೆ ಅಮೆರಿಕದ ಎಫ್‌ಡಿಎ 2021ರಲ್ಲಿ ಕಠಿಣ ಎಚ್ಚರಿಕೆ ಕೊಟ್ಟಿದೆ. ವಯಸ್ಸಾದವರು, ಧೂಮಪಾನಿಗಳು ಹೆಚ್ಚು ಜಾಗ್ರತೆಯಾಗಿರಬೇಕು.

ಪ್ರಪಂಚದ ಕ್ಷಯ ರೋಗಿಗಳಲ್ಲಿ ಸುಮಾರು ಕಾಲು ಭಾಗ ಭಾರತದಲ್ಲಿದ್ದಾರೆ. ಲಕ್ಷಣವಿಲ್ಲದೆ ದೇಹದಲ್ಲಿ ಮಲಗಿರುವ ಕ್ಷಯದ ಬ್ಯಾಕ್ಟೀರಿಯಾವನ್ನು ಟಿಎನ್‌ಎಫ್ ತಡೆಯುವ ಔಷಧಗಳು ಎಬ್ಬಿಸಬಲ್ಲವು. ಹಾಗಾಗಿ ಬಯಾಲಜಿಕ್ ಶುರು ಮಾಡುವ ಮೊದಲು ಕ್ಷಯ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಲೇಬೇಕು. ಇದನ್ನು ಯಾರಾದರೂ ಹಾರಿಸಿ ಮುಂದೆ ಹೋದರೆ ನೀವೇ ಕೇಳಿ.

ಸ್ಟೆರಾಯ್ಡ್ ಬಗ್ಗೆಯೂ ಎಚ್ಚರ. ಊದಿದ ಒಂದು ಕೀಲಿಗೆ ತಜ್ಞರು ನೇರವಾಗಿ ಕೊಡುವ ಇಂಜೆಕ್ಷನ್ ಬೇರೆ. ಆದರೆ ಸ್ಟೆರಾಯ್ಡ್ ಮಾತ್ರೆ ನುಂಗಿ ದಿಢೀರ್ ನಿಲ್ಲಿಸಿದರೆ ಸೋರಿಯಾಸಿಸ್ ಉಲ್ಬಣಿಸಿ ಮೈಯೆಲ್ಲ ಕೀವುಗುಳ್ಳೆ ಏಳುವ ಅಪಾಯವಿದೆ. ಹೆಸರಿಲ್ಲದ ಪುಡಿ, ಪೊಟ್ಟಣದ ಮಾತ್ರೆ ತಿಂದು ಎರಡೇ ದಿನದಲ್ಲಿ ನೋವು ಮಾಯವಾಯಿತು ಅಂದರೆ ಖುಷಿಪಡುವ ಬದಲು ಅದರಲ್ಲಿ ಸ್ಟೆರಾಯ್ಡ್ ಇರಬಹುದೇ ಎಂದು ಅನುಮಾನಿಸಿ.

ಔಷಧದಷ್ಟೇ ಮುಖ್ಯ, ಅದನ್ನು ಬದಲಿಸುವ ಶಿಸ್ತು. ಬ್ರಿಟನ್‌ನಲ್ಲಿ 206 ರೋಗಿಗಳ ಮೇಲೆ ನಡೆದ ಟಿಕೋಪಾ ಪ್ರಯೋಗದ ಫಲಿತಾಂಶ 2015ರಲ್ಲಿ ಬಂತು. ನಾಲ್ಕು ವಾರಕ್ಕೊಮ್ಮೆ ಪರೀಕ್ಷಿಸಿ, ಗುರಿ ಮುಟ್ಟದಿದ್ದರೆ ಚಿಕಿತ್ಸೆ ಏರಿಸುತ್ತ ಹೋದವರು, ಮಾಮೂಲಿ ಕ್ರಮದಲ್ಲಿ ಹನ್ನೆರಡು ವಾರಕ್ಕೊಮ್ಮೆ ನೋಡಿಸಿಕೊಂಡವರಿಗಿಂತ ಚೆನ್ನಾಗಿ ಸುಧಾರಿಸಿದರು. ಆರು ತಿಂಗಳ ಮಾತ್ರೆ ಒಟ್ಟಿಗೆ ಬರೆಸಿಕೊಂಡು ಬರುವುದು ಅನುಕೂಲ, ಆದರೆ ಚಿಕಿತ್ಸೆ ಅಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಬದನೆಕಾಯಿ, ಆಲೂಗಡ್ಡೆ ಬಿಟ್ಟರೆ ಈ ಕಾಯಿಲೆ ಕಡಿಮೆಯಾಗುತ್ತದೆ ಎನ್ನಲು ಪುರಾವೆ ಇಲ್ಲ. ತೂಕ ಇಳಿಸಿದರೆ ಕಡಿಮೆಯಾಗುತ್ತದೆ ಎನ್ನಲು ಇದೆ. ದಪ್ಪ ಇರುವವರು ದೇಹತೂಕದ ಶೇ. 5ರಷ್ಟು ಇಳಿಸಿದರೂ ಔಷಧ ಹೆಚ್ಚು ಚೆನ್ನಾಗಿ ಕೆಲಸ ಮಾಡಿದ್ದು ಅಧ್ಯಯನದಲ್ಲಿ ಕಂಡಿದೆ. ಈ ಕಾಯಿಲೆ ಇರುವವರಿಗೆ ಹೃದ್ರೋಗ, ಮಧುಮೇಹ, ಫ್ಯಾಟಿ ಲಿವರ್ ಸಾಧ್ಯತೆಯೂ ಹೆಚ್ಚು. ಹಾಗಾಗಿ ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಪಟ್ಟಿಯಲ್ಲಿರಲಿ. ಬೀಡಿ ಸಿಗರೇಟ್ ಬಿಡಿ. ಈಜು, ನಡಿಗೆ, ಸೈಕಲ್ ಒಳ್ಳೆಯದು. ಕೀಲು ಊದಿ ಬಿಸಿಯಾಗಿರುವಾಗ ಮಾತ್ರ ಅದಕ್ಕೆ ವಿಶ್ರಾಂತಿ ಕೊಡಿ. ಖಿನ್ನತೆ ಕಾಡಿದರೆ ಅದನ್ನೂ ಕಾಯಿಲೆಯ ಭಾಗವಾಗಿಯೇ ಡಾಕ್ಟರ್ ಮುಂದೆ ಹೇಳಿ. ಮದುವೆ ಮಾತುಕತೆಯಲ್ಲಿ ಚರ್ಮ ಮುಚ್ಚಿಟ್ಟುಕೊಳ್ಳಬೇಕಾದ ಸಮಾಜದಲ್ಲಿ ಖಿನ್ನತೆ ಬಂದರೆ ಅಚ್ಚರಿಯೇನಿಲ್ಲ.

ಹಣ ಯಾರು ಕೊಡಬೇಕು?

ಮೆಥೊಟ್ರೆಕ್ಸೇಟ್ ಮಾತ್ರೆ ಅಗ್ಗ, ವಾರದ ಡೋಸಿಗೆ ನೂರು ರೂಪಾಯಿಯೂ ಆಗುವುದಿಲ್ಲ. ತೊಂದರೆ ಶುರುವಾಗುವುದು ಮೂರನೇ ಮೆಟ್ಟಿಲಲ್ಲಿ. ಇಲ್ಲಿ ಭಾರತಕ್ಕೆ ಒಂದು ಹೆಮ್ಮೆಯ ಅಧ್ಯಾಯವೂ ಇದೆ. ಅಡಾಲಿಮುಮಾಬ್‌ನ ಜಗತ್ತಿನ ಮೊದಲ ಬಯೋಸಿಮಿಲರ್ ಮಾರುಕಟ್ಟೆಗೆ ಬಂದಿದ್ದು 2014ರ ಡಿಸೆಂಬರ್‌ನಲ್ಲಿ, ಗುಜರಾತಿನ ಜೈಡಸ್ ಕಂಪನಿಯಿಂದ, ಅಮೆರಿಕದಲ್ಲಿದ್ದ ಬೆಲೆಯ ಸುಮಾರು ಐದನೇ ಒಂದು ಭಾಗಕ್ಕೆ. ಆಮೇಲೆ ಬೇರೆ ಕಂಪನಿಗಳೂ ಬಂದು ಬೆಲೆ ಮತ್ತಷ್ಟು ಇಳಿಯಿತು. ಆದರೂ ಎರಡು ವಾರಕ್ಕೊಂದು ಇಂಜೆಕ್ಷನ್ ಅನ್ನು ಸ್ವಂತ ಜೇಬಿನಿಂದ ವರ್ಷಗಟ್ಟಲೆ ತಗೊಳ್ಳುವುದು ಸಾಮಾನ್ಯ ಸಂಬಳದವರಿಗೆ ಕಷ್ಟವೇ.

ವಿಮೆ ಇದೆಯಲ್ಲ ಅನ್ನಬಹುದು. ಆಯುಷ್ಮಾನ್ ಭಾರತ್ ಯೋಜನೆ ಮುಖ್ಯವಾಗಿ ಆಸ್ಪತ್ರೆಗೆ ದಾಖಲಾಗುವ ಚಿಕಿತ್ಸೆಗೆ. ಖಾಸಗಿ ಪಾಲಿಸಿಗಳೂ ಬಹುಪಾಲು ಹಾಗೆಯೇ. ಹೊರರೋಗಿಯಾಗಿ ಮನೆಯಲ್ಲೇ ಚುಚ್ಚಿಕೊಳ್ಳುವ ಔಷಧ ಅದರೊಳಗೆ ಬರುವುದು ಕಷ್ಟ. ಮಂಡಿ ಕೀಲು ಪೂರ್ತಿ ಹಾಳಾಗಿ ಬದಲಾಯಿಸಬೇಕಾದ ಶಸ್ತ್ರಚಿಕಿತ್ಸೆಗೆ ಮಾತ್ರ ಪ್ಯಾಕೇಜ್ ಇದೆ. ಕೀಲು ಉಳಿಸುವ ಔಷಧಕ್ಕೆ ದುಡ್ಡಿಲ್ಲ, ಹಾಳಾದ ಮೇಲೆ ಬದಲಾಯಿಸಲು ಇದೆ. ಯಾವ ಲೆಕ್ಕದಲ್ಲಿ ನೋಡಿದರೂ ಇದು ಉಲ್ಟಾ.

ರುಮಟಾಲಜಿಸ್ಟ್‌ಗಳ ಕೊರತೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಇರುವವರಲ್ಲಿ ಬಹುಪಾಲು ದೊಡ್ಡ ನಗರಗಳಲ್ಲಿದ್ದಾರೆ. ಪ್ರತಿ ತಾಲೂಕಿಗೆ ಒಬ್ಬರನ್ನು ಕೊಡುವುದು ಸದ್ಯಕ್ಕೆ ಆಗದ ಮಾತು. ಆದರೆ ಜಿಲ್ಲಾಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ಸೋರಿಯಾಸಿಸ್ ಕಾರ್ಡ್ ಇರುವ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಮೇಲಿನ ಐದು ಪ್ರಶ್ನೆ ಕೇಳಿ, ಮೂರು "ಹೌದು" ಬಂದವರನ್ನು ಮೆಡಿಕಲ್ ಕಾಲೇಜಿಗೆ ಕಳಿಸಲು ಒಂದು ಹಾಳೆ, ಎರಡು ನಿಮಿಷ ಸಾಕು. ಅದಕ್ಕೆ ಹೊಸ ಕಟ್ಟಡ ಬೇಡ, ಟೆಂಡರ್ ಬೇಡ.

ಅದು ಆಗುವವರೆಗೆ ಚುಕ್ಕಿಗಳನ್ನು ಸೇರಿಸುವ ಕೆಲಸ ರೋಗಿಯದ್ದೇ. ಕೀಲು ನೋವೆಂದು ಯಾವ ಡಾಕ್ಟರ್ ಬಳಿ ಹೋದರೂ ನಿಮಗೆ ಅಥವಾ ನಿಮ್ಮ ಮನೆಯಲ್ಲಿ ಯಾರಿಗಾದರೂ ಸೋರಿಯಾಸಿಸ್ ಇದ್ದರೆ ಅದನ್ನು ಅವರು ಕೇಳುವ ಮೊದಲೇ ಹೇಳಿ. ಚರ್ಮದ ಡಾಕ್ಟರ್ ಬಳಿ ಹೋದಾಗ ಬೆಳಗಿನ ಬಿಗಿತದ ಬಗ್ಗೆ ಹೇಳಿ. ಊದಿದ ಬೆರಳಿನ, ಉಗುರಿನ ಫೋಟೋ ತೆಗೆದಿಟ್ಟುಕೊಳ್ಳಿ, ಯಾಕೆಂದರೆ ಅಪಾಯಿಂಟ್‌ಮೆಂಟ್ ಸಿಗುವ ಹೊತ್ತಿಗೆ ಊತ ಇಳಿದಿರುವುದೂ ಉಂಟು. ನೋವು ಶುರುವಾದ ತಿಂಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ ಆರು ತಿಂಗಳೊಳಗೆ ರುಮಟಾಲಜಿಸ್ಟ್ ಮುಂದೆ ಕೂತಿರುವಂತೆ ನೋಡಿಕೊಳ್ಳಿ.